ಸಾವಳಗಿಯ ಜತ್ತಿಯವರು ಮತ್ತು ನಮ್ಮ ಹೊಲದ ಉತಾರ

1977ರ ಫೆಬ್ರುವರಿ. ಈ ಶಾಲೆಯ ಮೊದಲ ತಂಡದವರಾದ ನಾವು ಹತ್ತನೆಯ ತರಗತಿಯಲ್ಲಿದ್ದೆವು. ಸ್ವಂತ ಕಟ್ಟಡ ಇನ್ನೂ ಆಗಿರಲಿಲ್ಲ, ಗುಡಿಯ ಪೌಳಿಯಲ್ಲಿ ಪಾಠ ನಡೆಯುತ್ತಿತ್ತು. ಒಂದು ಮುಂಜಾನೆ ಪ್ರಾರ್ಥನೆ ಮುಗಿದ ಮೇಲೆ ಗುರುಗಳು ರಾಷ್ಟ್ರಪತಿ ಫಕ್ರುದ್ದೀನ್ ಅಲಿ ಅಹಮದ್ ಅವರು ತೀರಿಕೊಂಡ ಸುದ್ದಿ ಹೇಳಿದರು. ಎರಡು ನಿಮಿಷ ಮೌನವಾಗಿ ನಿಂತೆವು. ಹೊಸ ರಾಷ್ಟ್ರಪತಿಯ ಆಯ್ಕೆಯಾಗುವ ತನಕ ಆ ಹೊಣೆಯನ್ನು ನೋಡಿಕೊಳ್ಳುವವರು ನಮ್ಮ ತಾಲೂಕಿನ ಸಾವಳಗಿಯವರಾದ ಬಸಪ್ಪ ದಾನಪ್ಪ ಜತ್ತಿಯವರು ಎಂದು ಅವರು ಮುಂದುವರಿಸಿದಾಗ, ಆಗಷ್ಟೇ ಮೌನ ಮುಗಿಸಿದ್ದ ನಾವು ಚಪ್ಪಾಳೆ ಹೊಡೆದುಬಿಟ್ಟೆವು. ಗುರುಗಳು ಗದರಿದರು. ಆದರೆ ಅವರ ಮುಖದಲ್ಲೂ ಸಂತೋಷ ಕಾಣುತ್ತಿತ್ತು.

ಅದೇ ದಿನಗಳಲ್ಲಿ ನಮ್ಮ ಅಪ್ಪ ಜಮಖಂಡಿಯ ಭೂ ನ್ಯಾಯಮಂಡಳಿಗೆ ಎಡತಾಕುತ್ತಿದ್ದರು. ಲಾವಣಿಯಿಂದ ಮಾಡಿಕೊಂಡು ಬಂದ ನಾಲ್ಕು ಎಕರೆ ಹೊಲ ತಮ್ಮ ಹೆಸರಿಗೆ ಆಗಬೇಕೆಂದು ನಮೂನೆ 7 ತುಂಬಿ ಕೊಟ್ಟಿದ್ದರು. ದಿಲ್ಲಿಯ ಆ ದೊಡ್ಡ ಕುರ್ಚಿಯಲ್ಲಿ ಕುಳಿತವರಿಗೂ ಅಪ್ಪನ ಕೈಚೀಲದಲ್ಲಿದ್ದ ಆ ಕಾಗದಕ್ಕೂ ಸಂಬಂಧವಿದೆ ಎಂಬುದು ನನಗೆ ತಿಳಿದದ್ದು ಬಹಳ ವರ್ಷಗಳ ಮೇಲೆ. ಶಾಲೆಗೆ ಐವತ್ತು ತುಂಬಿದ ಈ ಹೊತ್ತಿನಲ್ಲಿ ಏನಾದರೂ ಬರೆದುಕೊಡಿ ಎಂದು ಸಂಪಾದಕ ಮಂಡಳಿಯವರು ಕೇಳಿದಾಗ ನನಗೆ ಮೊದಲು ನೆನಪಾದದ್ದು ಅದೇ. ಜತ್ತಿಯವರ ಹೆಸರನ್ನು ನಮ್ಮ ಮಕ್ಕಳು ಸಾಮಾನ್ಯ ಜ್ಞಾನದ ಪ್ರಶ್ನೆಗೆ ಉತ್ತರವಾಗಿ ಕಲಿಯುತ್ತಾರೆ. ಅವರು ನಮ್ಮ ಹೊಲದ ಬದುವಿನವರೆಗೆ ಬಂದವರು ಎಂಬುದನ್ನು ಅವರಿಗೆ ಯಾರೂ ಹೇಳುವುದಿಲ್ಲ.

ಜತ್ತಿಯವರು ಹುಟ್ಟಿದ್ದು 1912ರ ಸೆಪ್ಟೆಂಬರ್ 10ರಂದು. ತಂದೆ ಕಿರಾಣಿ ವ್ಯಾಪಾರಿ, ಮನೆತನ ಸಿರಿವಂತರದಲ್ಲ. ಆಗಿನ ನಮ್ಮ ಸೀಮೆಯ ನಕ್ಷೆಯನ್ನು ಇಂದಿನ ಮಕ್ಕಳು ಊಹಿಸಿಕೊಳ್ಳುವುದು ಕಷ್ಟ. ಜಮಖಂಡಿಯಲ್ಲಿ ಪಟವರ್ಧನರ ಆಳಿಕೆ, ಮುಧೋಳದಲ್ಲಿ ಘೋರ್ಪಡೆಯವರದು. ರಬಕವಿ ಸಾಂಗಲಿ ಸಂಸ್ಥಾನಕ್ಕೆ ಸೇರಿತ್ತು. ಬೀಳಗಿ ಇಂಗ್ಲಿಷರ ವಿಜಾಪುರ ಜಿಲ್ಲೆಯಲ್ಲಿತ್ತು. ಒಂದು ದಿನದ ಚಕ್ಕಡಿ ಪಯಣದಲ್ಲಿ ಮೂರು ರಾಜ್ಯ ದಾಟಬಹುದಿತ್ತು. ಊರು ಬದಲಾದಂತೆ ಕಾಯ್ದೆಯೂ ಬದಲಾಗುತ್ತಿತ್ತು, ಆದರೆ ಹೊಲ ಉಳುವವನ ಪಾಡು ಎಲ್ಲ ಕಡೆಗೂ ಬಹುತೇಕ ಒಂದೇ ಆಗಿತ್ತು.

ಹಳ್ಳಿಯ ಹುಡುಗ ಮುಂದೆ ಓದಬೇಕೆಂದರೆ ಊರು ಬಿಡಲೇಬೇಕಾದ ಕಾಲವದು. ಜತ್ತಿಯವರು ಕೊಲ್ಹಾಪುರಕ್ಕೆ ಹೋಗಿ ರಾಜಾರಾಮ ಕಾಲೇಜಿನಲ್ಲಿ ಪದವಿ ಪಡೆದರು, ಅಲ್ಲಿಯೇ ಸೈಕ್ಸ್ ಕಾನೂನು ಕಾಲೇಜಿನಲ್ಲಿ ವಕೀಲಿ ಓದಿದರು. ಓದಿ ಮುಗಿಸಿದವರು ದೊಡ್ಡ ಪಟ್ಟಣದಲ್ಲಿ ಉಳಿಯದೆ ಜಮಖಂಡಿಗೆ ಮರಳಿ ವಕೀಲಿ ಹಿಡಿದರು. 1940ರಲ್ಲಿ ಜಮಖಂಡಿ ಪುರಸಭೆಯ ಸದಸ್ಯರಾದರು, 1945ರಲ್ಲಿ ಅಧ್ಯಕ್ಷರಾದರು. ಮುಂದೆ ಸಂಸ್ಥಾನದ ವಿಧಾನಸಭೆಗೆ ಆಯ್ಕೆಯಾಗಿ ಮಂತ್ರಿಯಾದರು, ಕೊನೆಗೆ 1948ರಲ್ಲಿ ದಿವಾನರೇ ಆದರು. ದೊರೆ ಶಂಕರರಾವ್ ಪಟವರ್ಧನರೊಂದಿಗೆ ಅವರ ಸಂಬಂಧ ಚೆನ್ನಾಗಿತ್ತು. ಜಗಳ ಗಲಾಟೆಯಿಲ್ಲದೆ 1948ರ ಮಾರ್ಚ್ 8ರಂದು ಜಮಖಂಡಿ ಸಂಸ್ಥಾನ ಮುಂಬಯಿ ಪ್ರಾಂತದಲ್ಲಿ ವಿಲೀನವಾಯಿತು. ದಿವಾನಗಿರಿಯೂ ಅಂದಿಗೆ ಮುಗಿಯಿತು. ಜತ್ತಿಯವರು ಕರಿಕೋಟು ಹಾಕಿಕೊಂಡು ಮತ್ತೆ ಕೋರ್ಟಿಗೆ ಹೋದರು. ಸುಮಾರು ಇಪ್ಪತ್ತು ತಿಂಗಳು ವಕೀಲರಾಗಿಯೇ ಇದ್ದರು.

ಈ ಇಪ್ಪತ್ತು ತಿಂಗಳ ಮಾತನ್ನು ನಾನು ಬೇಕೆಂತಲೇ ಎತ್ತಿ ಹೇಳುತ್ತಿದ್ದೇನೆ. ಆ ಕಾಲದ ನಮ್ಮ ಕಡೆಯ ಕೋರ್ಟಿನ ವ್ಯಾಜ್ಯಗಳೆಂದರೆ ಬಹುಪಾಲು ಹೊಲದ ವ್ಯಾಜ್ಯಗಳು: ವಾಟ್ನಿ, ಲಾವಣಿ, ಇನಾಮು, ಸಾಲದ ಅಡವು. ಬೆವರು ಯಾರದು, ಕಾಗದದಲ್ಲಿ ಹೆಸರು ಯಾರದು ಎಂಬ ಎರಡು ಪ್ರಶ್ನೆಗಳಿಗೆ ಎರಡು ಬೇರೆ ಉತ್ತರ ಇರುತ್ತವೆ ಎಂಬುದನ್ನು ಹಳ್ಳಿಯಿಂದ ಬಂದ ವಕೀಲನಿಗೆ ಯಾರೂ ಕಲಿಸಿಕೊಡಬೇಕಾಗಿರಲಿಲ್ಲ.

ವಿಲೀನವಾದ ಪ್ರದೇಶದ ಪ್ರತಿನಿಧಿಯಾಗಿ ಅವರನ್ನು ಮುಂಬಯಿ ವಿಧಾನಸಭೆಗೆ ನಾಮಕರಣ ಮಾಡಿದರು. ಒಂದು ವಾರದಲ್ಲಿಯೇ ಮುಖ್ಯಮಂತ್ರಿ ಬಿ. ಜಿ. ಖೇರ್ ಅವರ ಸಂಸದೀಯ ಕಾರ್ಯದರ್ಶಿಯಾದರು. 1952ರ ಚುನಾವಣೆಯ ನಂತರ ಮೊರಾರ್ಜಿ ದೇಸಾಯಿಯವರ ಸರಕಾರದಲ್ಲಿ ಆರೋಗ್ಯ ಮತ್ತು ಕಾರ್ಮಿಕ ಖಾತೆಗಳನ್ನು ನೋಡಿಕೊಂಡರು. ಗೇಣಿದಾರರ ರಕ್ಷಣೆಗೆಂದು 1948ರಲ್ಲಿಯೇ ಕಾಯ್ದೆ ಮಾಡಿದ್ದ ಪ್ರಾಂತ ಅದು.

1956ರ ನವೆಂಬರ್ 1ರಂದು ಕನ್ನಡನಾಡು ಒಂದಾಯಿತು. ಆದರೆ ನಾಡು ಒಂದಾದರೂ ಕಾಯ್ದೆ ಒಂದಾಗಿರಲಿಲ್ಲ. ಹಳೆಯ ಮೈಸೂರಿಗೆ ಒಂದು ಗೇಣಿ ಕಾಯ್ದೆ, ನಮ್ಮ ಮುಂಬಯಿ ಕರ್ನಾಟಕಕ್ಕೆ ಇನ್ನೊಂದು, ಹೈದರಾಬಾದಿನಿಂದ ಬಂದ ಜಿಲ್ಲೆಗಳಿಗೆ ಮತ್ತೊಂದು, ಮದ್ರಾಸಿನಿಂದ ಬಂದ ದಕ್ಷಿಣ ಕನ್ನಡಕ್ಕೂ ಕೊಡಗಿಗೂ ಬೇರೆ ಬೇರೆ. ಒಂದೇ ರಾಜ್ಯದ ಐದು ಮೂಲೆಯ ರೈತರಿಗೆ ಐದು ನಮೂನೆಯ ಹಕ್ಕು. ಇದನ್ನು ಸರಿಪಡಿಸಲು 1957ರಲ್ಲಿ ಸರಕಾರ ಒಂದು ಸಮಿತಿ ನೇಮಿಸಿತು. ಅದರ ಅಧ್ಯಕ್ಷತೆ ಜತ್ತಿಯವರಿಗೆ ಬಂತು. ಭೂಸುಧಾರಣೆಯ ಇತಿಹಾಸದಲ್ಲಿ ಜತ್ತಿ ಸಮಿತಿ ಎಂದು ಇಂದಿಗೂ ಕರೆಯುವುದು ಅದನ್ನೇ. ಗೇಣಿಗೆ ಮಿತಿ ಇರಬೇಕು, ಉಳುವವನನ್ನು ಮನಸ್ಸಿಗೆ ಬಂದಂತೆ ಎಬ್ಬಿಸಬಾರದು, ಒಬ್ಬ ಎಷ್ಟು ಭೂಮಿ ಇಟ್ಟುಕೊಳ್ಳಬಹುದೆಂಬುದಕ್ಕೂ ಮಿತಿ ಇರಬೇಕು, ಇದೆಲ್ಲ ಇಡೀ ರಾಜ್ಯಕ್ಕೆ ಒಂದೇ ಆಗಿರಬೇಕು ಎಂಬುದು ಆ ಕೆಲಸದ ತಿರುಳು.

1958ರ ಮೇ 16ರಂದು ಜತ್ತಿಯವರು ಮೈಸೂರು ರಾಜ್ಯದ ಮುಖ್ಯಮಂತ್ರಿಯಾದರು. ಕಿರಾಣಿ ಅಂಗಡಿಯವರ ಮಗ, ರಾಜ್ಯದ ತೀರ ಉತ್ತರದ ಮೂಲೆಯವರು, ಒಂದೂವರೆ ವರ್ಷದ ಹಿಂದಷ್ಟೇ ಒಂದಾದ ರಾಜ್ಯಕ್ಕೆ ಮುಖ್ಯಸ್ಥರಾದರು. 1962ರ ಮಾರ್ಚ್‌ವರೆಗೆ ಇದ್ದರು. ಅವರ ಸರಕಾರದ ನಾಲ್ಕು ಕಾಯ್ದೆಗಳನ್ನು ಒಟ್ಟಿಗೆ ಇಟ್ಟು ನೋಡಿದಾಗ ಹಳ್ಳಿಯ ಯುವಕನೊಬ್ಬನಿಗೆ ಏನೇನು ಬೇಕು ಎಂದು ಯಾರೋ ಕುಳಿತು ಪಟ್ಟಿ ಮಾಡಿದಂತೆ ನನಗೆ ಕಾಣುತ್ತದೆ.

ಮೊದಲನೆಯದು 1959ರ ಗ್ರಾಮ ಪಂಚಾಯಿತಿ ಮತ್ತು ಸ್ಥಳೀಯ ಮಂಡಳಿಗಳ ಕಾಯ್ದೆ. ಊರಿಗೆ ಪಂಚಾಯಿತಿ, ತಾಲೂಕಿಗೆ ಅಭಿವೃದ್ಧಿ ಮಂಡಳಿ, ಜಿಲ್ಲೆಗೆ ಅಭಿವೃದ್ಧಿ ಪರಿಷತ್ತು. ಕೆಳಗಿನ ಎರಡು ಹಂತಗಳಿಗೆ ಜನರೇ ನೇರವಾಗಿ ಸದಸ್ಯರನ್ನು ಆರಿಸುತ್ತಿದ್ದರು. ಎರಡನೆಯದು ಅದೇ ವರ್ಷದ ಸಹಕಾರ ಸಂಘಗಳ ಕಾಯ್ದೆ. ನಮ್ಮೂರ ಸೊಸೈಟಿ ಇಂದಿಗೂ ನಡೆಯುವುದು ಅದರ ಅಡಿಯಲ್ಲಿಯೇ. ಬೀಜ, ಗೊಬ್ಬರ, ಬೆಳೆಸಾಲ ಎಲ್ಲದಕ್ಕೂ ನಾವು ಹೋಗಿ ನಿಲ್ಲುವುದು ಆ ಬಾಗಿಲಿಗೆ. ರಬಕವಿ ಬನಹಟ್ಟಿಯ ನೇಕಾರರ ಸಹಕಾರ ಸಂಘಗಳಿಗೂ ಅದೇ ಕಾಯ್ದೆ. ಮೂರನೆಯದು 1961ರ ಕಡ್ಡಾಯ ಪ್ರಾಥಮಿಕ ಶಿಕ್ಷಣ ಕಾಯ್ದೆ. ಹಳ್ಳಿಯ ಮಕ್ಕಳು ಏಳನೆಯ ತರಗತಿಯವರೆಗೆ ಬಂದರೆ ತಾನೇ ಹೈಸ್ಕೂಲು ಬೇಕು ಎಂಬ ಕೂಗು ಏಳುವುದು? ನಮ್ಮಂಥ ಊರುಗಳಲ್ಲಿ ಸರಕಾರಿ ಪ್ರೌಢಶಾಲೆಗಳು ಮುಂದೆ ಒಂದೊಂದಾಗಿ ತೆರೆದದ್ದಕ್ಕೆ ಬುನಾದಿ ಅಲ್ಲಿದೆ. ನಾಲ್ಕನೆಯದು, ಎಲ್ಲಕ್ಕಿಂತ ದೊಡ್ಡದು, 1961ರ ಭೂಸುಧಾರಣಾ ಕಾಯ್ದೆ.

ಮಾತಾಡಲು ಪಂಚಾಯಿತಿ, ಸಾಲಕ್ಕೆ ಸೊಸೈಟಿ, ಓದಲು ಶಾಲೆ, ದುಡಿಯಲು ಭೂಮಿ. ಈಗ ಯುವರೈತರಿಗೆ ಪ್ರೋತ್ಸಾಹ, ಗ್ರಾಮೀಣ ಅಭಿವೃದ್ಧಿ ಎಂದು ಎಷ್ಟೋ ಸಭೆಗಳಲ್ಲಿ ಭಾಷಣ ಕೇಳುತ್ತೇವೆ. ಈ ನಾಲ್ಕನ್ನು ಬಿಟ್ಟು ಐದನೆಯದನ್ನು ಹೇಳಿದವರನ್ನು ನಾನು ಹೆಚ್ಚು ಕಂಡಿಲ್ಲ.

ಹಾಗೆಂದು ಎಲ್ಲವೂ ಚೆನ್ನಾಗಿ ಆಯಿತು ಎಂದು ಬರೆದರೆ ಸುಳ್ಳಾಗುತ್ತದೆ. ಜಿಲ್ಲಾ ಪರಿಷತ್ತಿಗೆ ಸಲಹೆ ಕೊಡುವ ಅಧಿಕಾರವಿತ್ತೇ ಹೊರತು ಮಾಡಿಸುವ ಅಧಿಕಾರವಿರಲಿಲ್ಲ. ಭೂಸುಧಾರಣಾ ಕಾಯ್ದೆಯಲ್ಲಿ ಬಿರುಕುಗಳಿದ್ದವು. ಬೆಳೆಯ ನಾಲ್ಕನೆಯ ಅಥವಾ ಐದನೆಯ ಒಂದು ಪಾಲಿಗಿಂತ ಹೆಚ್ಚು ಗೇಣಿ ಕೇಳಬಾರದು ಎಂದಿತ್ತು, ಒಳ್ಳೆಯದೇ. ಆದರೆ ಮಿತಿಯನ್ನು 27 ಪ್ರಮಾಣಿತ ಎಕರೆ ಎಂದು ಇಟ್ಟರು. ನೀರಾವರಿ ಭೂಮಿಗೆ ಅದು ಸರಿ. ನಮ್ಮಂಥ ಮಳೆಯಾಶ್ರಿತ ಬೆದ್ದಲಿಗೆ ಲೆಕ್ಕ ಹಾಕಿದರೆ ಅದೇ ಮಿತಿ 216 ಎಕರೆಯವರೆಗೆ ಹೋಗುತ್ತಿತ್ತು. ಅಷ್ಟು ಹೊಲ ಇದ್ದವರೇ ನಮ್ಮಲ್ಲಿ ಬೆರಳೆಣಿಕೆ. ಜೊತೆಗೆ, ಸ್ವಂತ ಸಾಗುವಳಿ ಮಾಡುತ್ತೇನೆಂದು ಹೇಳಿ ಲಾವಣಿ ಹೊಲವನ್ನು ಮರಳಿ ಪಡೆಯುವ ಹಕ್ಕು ಒಡೆಯರಿಗೆ ಉಳಿದಿತ್ತು. ಕಾಯ್ದೆಯ ಹೆಸರಿನಲ್ಲಿ 1961 ಇದ್ದರೂ ಅದು ಜಾರಿಗೆ ಬಂದದ್ದು 1965ರ ಅಕ್ಟೋಬರ್ 2ರಂದು. ನಡುವಿನ ಆ ವರ್ಷಗಳಲ್ಲಿ ಬುದ್ಧಿವಂತರು ತಮಗೆ ಬೇಕಾದ ಕಾಗದಗಳನ್ನು ಮಾಡಿಕೊಂಡರು.

ನಮ್ಮ ಮನೆಯ ಕಥೆಯೂ ಅಲ್ಲಿಯೇ ಇದೆ. ನಮ್ಮ ಅಜ್ಜ ಎರಡು ಕಡೆ ಲಾವಣಿ ಮಾಡುತ್ತಿದ್ದರು. ಹಳ್ಳದ ದಂಡೆಯ ಎರೆ ಹೊಲ ಒಂದು, ಗುಡ್ಡದ ಕಡೆಯ ಮಸಾರಿ ಇನ್ನೊಂದು. ಕಾಯ್ದೆ ಬರುತ್ತದೆ ಎಂಬ ಸುದ್ದಿ ಹಬ್ಬಿದ ವರ್ಷ ಎರೆ ಹೊಲದ ಒಡೆಯರು ಅಜ್ಜನನ್ನು ಕರೆಸಿ, ತಾವೇ ಸಾಗು ಮಾಡುವುದಾಗಿ ಹೇಳಿ ಒಂದು ಕಾಗದಕ್ಕೆ ಹೆಬ್ಬೆಟ್ಟು ಒತ್ತಿಸಿಕೊಂಡರು. ಅಜ್ಜನಿಗೆ ಓದಲು ಬರುತ್ತಿರಲಿಲ್ಲ. ತಾನಾಗಿಯೇ ಬಿಟ್ಟುಕೊಟ್ಟೆ ಎಂದು ಅದರಲ್ಲಿ ಬರೆದಿತ್ತು ಎಂಬುದು ಆಮೇಲೆ ಗೊತ್ತಾಯಿತು. ಮರುವರ್ಷ ಆ ಹೊಲವನ್ನು ಉತ್ತದ್ದು ಒಡೆಯರಲ್ಲ, ಇನ್ನೊಬ್ಬ ಲಾವಣಿದಾರ. ಮಸಾರಿಯನ್ನು ಯಾರೂ ಕೇಳಲಿಲ್ಲ, ಕೇಳುವಂಥ ಹೊಲವೂ ಅದಾಗಿರಲಿಲ್ಲ. ಹೀಗಾಗಿ ಅದು ನಮ್ಮ ಕೈಯಲ್ಲಿಯೇ ಉಳಿಯಿತು.

1974ರ ಮಾರ್ಚ್ 1ರಿಂದ ದೇವರಾಜ ಅರಸರ ಸರಕಾರ ಅದೇ ಕಾಯ್ದೆಗೆ ದೊಡ್ಡ ತಿದ್ದುಪಡಿ ಜಾರಿಗೆ ತಂದಿತು. ಗೇಣಿ ಪದ್ಧತಿಯನ್ನೇ ತೆಗೆದುಹಾಕಿತು. ಒಡೆಯರು ಮರಳಿ ಪಡೆಯುವ ದಾರಿಯನ್ನು ಮುಚ್ಚಿತು. ಬೆದ್ದಲಿನ ಮಿತಿಯನ್ನು ಒಂದು ಕುಟುಂಬಕ್ಕೆ 54 ಎಕರೆಗೆ ಇಳಿಸಿತು. ತಾಲೂಕುಗಳಲ್ಲಿ ನ್ಯಾಯಮಂಡಳಿ ಕೂಡಿಸಿತು. ಅಪ್ಪ ನಮೂನೆ 7 ತುಂಬಿದ್ದು ಆಗ. ಮಸಾರಿಯ ನಾಲ್ಕು ಎಕರೆ ನಮ್ಮ ಹೆಸರಿಗೆ ಆಯಿತು. ಉತಾರದಲ್ಲಿ ತಮ್ಮ ಹೆಸರನ್ನು ಕಂಡ ದಿನ ಅಪ್ಪ ಅದನ್ನು ನನ್ನ ಕೈಗೆ ಕೊಟ್ಟು ಮೂರು ಸಲ ಓದಿಸಿದರು. ಈ ಶಾಲೆಯಲ್ಲಿ ಕಲಿತ ಅಕ್ಷರ ನಮ್ಮ ಮನೆಗೆ ಮೊದಲು ಉಪಯೋಗಕ್ಕೆ ಬಂದದ್ದು ಆ ಓದಿಗೆ.

ಹಾಗಾದರೆ ಹೊಲ ಕೊಟ್ಟವರು ಅರಸರೋ ಜತ್ತಿಯವರೋ? ಊರ ಕಟ್ಟೆಯ ಮೇಲೆ ಈ ವಾದ ಬಹಳ ಸಲ ಆಗಿದೆ. ನನಗೆ ತೋರುವುದು ಇಷ್ಟು: ಜತ್ತಿಯವರು ಕೂರಿಗೆ ಹೂಡಿದರು, ಅರಸರು ರಾಶಿ ಮಾಡಿದರು. ಬಿತ್ತದೆ ರಾಶಿ ಇಲ್ಲ. ಎಡೆ ಹೊಡೆಯದೆ, ಕಳೆ ತೆಗೆಯದೆ ಬಿಟ್ಟರೆ ಬಿತ್ತಿದ್ದೂ ಕೈಗೆ ಬರುವುದಿಲ್ಲ. ಅಜ್ಜ ಕಳೆದುಕೊಂಡ ಎರೆ ಹೊಲವೂ ಅಪ್ಪನಿಗೆ ಸಿಕ್ಕ ಮಸಾರಿಯೂ ಒಂದೇ ಕಾಯ್ದೆಯ ಎರಡು ಮುಖಗಳು. ಎರಡನ್ನೂ ನೆನೆಯುವುದು ಜತ್ತಿಯವರಿಗೆ ಅಗೌರವವಲ್ಲ ಎಂದು ತಿಳಿದಿದ್ದೇನೆ.

1962ರ ಚುನಾವಣೆಯ ನಂತರ ಅವರು ಮುಖ್ಯಮಂತ್ರಿ ಸ್ಥಾನ ಬಿಟ್ಟರು. ನಮ್ಮ ಭಾಗದವರೇ ಆದ ಎಸ್. ಆರ್. ಕಂಠಿಯವರು ಕೆಲವು ತಿಂಗಳು ಆ ಸ್ಥಾನದಲ್ಲಿದ್ದು, ಬಳಿಕ ನಿಜಲಿಂಗಪ್ಪನವರು ಮರಳಿ ಬಂದರು. ತಾವು ಕುಳಿತಿದ್ದ ಕುರ್ಚಿಯಲ್ಲಿ ಇನ್ನೊಬ್ಬರು ಕುಳಿತಾಗ ಅವರ ಸಂಪುಟದಲ್ಲಿ ಕೆಲಸ ಮಾಡುವುದಕ್ಕೆ ಜತ್ತಿಯವರು ನಾಚಲಿಲ್ಲ. ಹಣಕಾಸು ಖಾತೆ ನೋಡಿಕೊಂಡರು, 1965ರಲ್ಲಿ ಆಹಾರ ಖಾತೆ ವಹಿಸಿಕೊಂಡರು. ಬರಗಾಲ ದೇಶವನ್ನೇ ಹಿಂಡಿದ ಹೊತ್ತು ಅದು. ನಡುವೆ 1964ರಲ್ಲಿ ಬೆಂಗಳೂರಿನಲ್ಲಿ ಬಸವ ಸಮಿತಿಯನ್ನು ಕಟ್ಟಿದರು. ಬಸವಣ್ಣನವರ ಕಾಯಕ ಮತ್ತು ದಾಸೋಹದ ವಿಚಾರವನ್ನು ನಾಡಿನ ಆಚೆಗೂ ಒಯ್ಯಲು ಕೊನೆಯವರೆಗೆ ಅದರ ಬೆನ್ನಿಗೆ ನಿಂತರು. 1968ರಲ್ಲಿ ಪುದುಚೇರಿಯ ಲೆಫ್ಟಿನೆಂಟ್ ಗವರ್ನರ್, 1972ರಲ್ಲಿ ಒಡಿಶಾದ ರಾಜ್ಯಪಾಲರು, 1974ರ ಆಗಸ್ಟ್ 31ರಿಂದ ಐದು ವರ್ಷ ಉಪರಾಷ್ಟ್ರಪತಿ. 1977ರ ಫೆಬ್ರುವರಿ 11ರಿಂದ ಜುಲೈ 25ರವರೆಗೆ ಹಂಗಾಮಿ ರಾಷ್ಟ್ರಪತಿ. ಆ ಮಾರ್ಚ್‌ನಲ್ಲಿ ಮೊರಾರ್ಜಿ ದೇಸಾಯಿಯವರಿಗೆ ಪ್ರಧಾನಿಯ ಪ್ರಮಾಣ ವಚನ ಬೋಧಿಸಿದವರು ಇವರೇ, ಒಂದು ಕಾಲಕ್ಕೆ ಮುಂಬಯಿಯಲ್ಲಿ ಅವರ ಕೈಕೆಳಗೆ ಮಂತ್ರಿಯಾಗಿದ್ದವರು. ಒಂಬತ್ತು ರಾಜ್ಯಗಳ ವಿಧಾನಸಭೆಗಳನ್ನು ವಿಸರ್ಜಿಸುವ ಕಾಗದ ಹೊಸ ಸರಕಾರದಿಂದ ಬಂದಾಗ ಕೂಡಲೇ ಸಹಿ ಹಾಕದೆ ಒಂದು ದಿನ ಯೋಚಿಸಿ ಆಮೇಲೆ ಹಾಕಿದರು. ಅದಕ್ಕಾಗಿ ಟೀಕೆಯನ್ನೂ ಕೇಳಿಕೊಂಡರು. 2002ರ ಜೂನ್ 7ರಂದು ತೀರಿಕೊಂಡರು.

ಅವರು ಹೋಗಿ ಇಪ್ಪತ್ತು ವರ್ಷಗಳ ಮೇಲಾಯಿತು. ಸೀಮೆ ಗುರುತು ಸಿಗದಷ್ಟು ಬದಲಾಗಿದೆ. 1989ರಲ್ಲಿ ಚಿಕ್ಕಪಡಸಲಗಿಯಲ್ಲಿ ಸಿದ್ದು ನ್ಯಾಮಗೌಡರ ಮುಂದಾಳತ್ವದಲ್ಲಿ ರೈತರೇ ಹಣ ಕೂಡಿಸಿ, ಮೈಮುರಿದು ದುಡಿದು ಕೃಷ್ಣೆಗೆ ಬ್ಯಾರೇಜು ಕಟ್ಟಿದರು. ಶ್ರಮಬಿಂದು ಸಾಗರ ಎಂಬ ಹೆಸರು ಅದಕ್ಕೆ ತಕ್ಕದ್ದೇ. ಬೇಸಿಗೆಯಲ್ಲಿ ಒಣಗುತ್ತಿದ್ದ ನದಿಯಲ್ಲಿ ನೀರು ನಿಂತಿತು, ಜೋಳದ ಹೊಲಗಳಲ್ಲಿ ಕಬ್ಬು ಬಂತು. ಮುಧೋಳ, ಜಮಖಂಡಿಯ ಸುತ್ತ ಸಕ್ಕರೆ ಕಾರ್ಖಾನೆಗಳು ಎದ್ದವು, ಮಹಾಲಿಂಗಪುರದ ಬೆಲ್ಲಕ್ಕೆ ಹೆಸರು ಬಂತು. ಆಚೆ ಬೀಳಗಿಯ ಕಡೆ ಆಲಮಟ್ಟಿಯ ಹಿನ್ನೀರು ಎಷ್ಟೋ ಊರುಗಳ ಹೊಲವನ್ನೇ ನುಂಗಿತು. ಒಂದು ಕಡೆ ನೀರು ಬಂದು ಬದುಕು ಬಂತು, ಇನ್ನೊಂದು ಕಡೆ ನೀರು ಬಂದು ಊರು ಎದ್ದಿತು.

ನಮ್ಮ ಮಸಾರಿಗೂ ಈಗ ಕೊಳವೆಯಲ್ಲಿ ನೀರು ಬರುತ್ತದೆ. ಆದರೆ ಉತಾರದಲ್ಲಿ ಇನ್ನೂ ಅಪ್ಪನ ಹೆಸರೇ ಇದೆ. ಅಪ್ಪ ತೀರಿಕೊಂಡು ಬಹಳ ವರ್ಷವಾಯಿತು. ಅಣ್ಣತಮ್ಮಂದಿರು ನಾವು ಮೂವರು ಬಾಯಿಮಾತಿನಲ್ಲಿ ಹಂಚಿಕೊಂಡೆವು. ನಾನು ನೌಕರಿಗೆಂದು ಊರು ಬಿಟ್ಟೆ, ವಾರಸಾ ಮಾಡಿಸುವ ಕೆಲಸ ಇಂದು ನಾಳೆ ಎಂದು ಹಿಂದೆ ಬಿತ್ತು. ಈಗ ಆ ಹೊಲ ಮಾಡುವವನು ನನ್ನ ಅಣ್ಣನ ಮಗ. ಇದೇ ಶಾಲೆಯಲ್ಲಿ ಓದಿದವನು, ಹನಿ ನೀರಾವರಿ ಹಾಕಿಸಬೇಕೆಂದು ಹಂಬಲಿಸುವವನು. ಬೆಳೆಸಾಲ, ಬೆಳೆವಿಮೆ, ಬರ ಪರಿಹಾರ, ಹನಿ ನೀರಾವರಿಯ ಸಹಾಯಧನ, ಎಲ್ಲವೂ ಉತಾರದ ಹೆಸರನ್ನು ಕೇಳುತ್ತವೆ. ಅವನ ಹೆಸರು ಎಲ್ಲಿಯೂ ಇಲ್ಲ. ಇದರಲ್ಲಿ ಕಚೇರಿಯ ತಪ್ಪಿಗಿಂತ ನಮ್ಮ, ಅಂದರೆ ಹಿರಿಯರ, ಸೋಮಾರಿತನವೇ ಹೆಚ್ಚು. ಹೆಬ್ಬೆಟ್ಟು ಒತ್ತಿ ಅಜ್ಜ ಹೊಲ ಕಳೆದುಕೊಂಡರು. ಸಹಿ ಮಾಡಲು ಬಂದೂ ಮಾಡದೆ ನಾನು ಹುಡುಗನ ಕೈ ಕಟ್ಟಿದೆ.

ಅವನ ಗೆಳೆಯರ ಪಾಡು ಇನ್ನೂ ಬಿಗಿ. ಪಟ್ಟಣ ಸೇರಿದವರ ಹೊಲಗಳನ್ನು ಅವರು ಲಾವಣಿ ಹಾಕಿಕೊಂಡು ಮಾಡುತ್ತಾರೆ. ಗೇಣಿ ಕಾಯ್ದೆಯಲ್ಲಿ ನಿಷಿದ್ಧವಾದ್ದರಿಂದ ಈ ಲಾವಣಿಗೆ ಕಾಗದವೇ ಇಲ್ಲ. ಬರೆದುಕೊಟ್ಟರೆ ಹೊಲ ಹೋದೀತು ಎಂಬ ಅಂಜಿಕೆ ಒಡೆಯರಿಗೆ. ಹೀಗಾಗಿ ಬೆಳೆ ಹೋದರೆ ನಷ್ಟ ದುಡಿದವನಿಗೆ, ಪರಿಹಾರ ಹೆಸರಿದ್ದವನಿಗೆ. ಉಳುವವನನ್ನು ಕಾಯಲೆಂದು ಬಂದ ಕಾಯ್ದೆಯ ನೆರಳಿನಲ್ಲಿಯೇ ಇಂದಿನ ಉಳುವವನು ಕಾಣದಂತಾಗಿದ್ದಾನೆ. ಇನ್ನೊಂದು ಕಡೆ, ಕೃಷಿಕರಲ್ಲದವರು ಹೊಲ ಕೊಳ್ಳಲು ಇದ್ದ ತಡೆಯನ್ನು 2020ರ ತಿದ್ದುಪಡಿ ತೆಗೆದುಹಾಕಿತು. ಮಾರುವವನಿಗೆ ಒಳ್ಳೆಯ ಬೆಲೆ ಸಿಗಬಹುದು. ಆದರೆ ಎರಡು ಎಕರೆ ಕೊಂಡು ಬೇಸಾಯ ಮಾಡುತ್ತೇನೆನ್ನುವ ಹಳ್ಳಿಯ ಹುಡುಗ ಈಗ ಪಟ್ಟಣದ ಹಣದೊಂದಿಗೆ ಪೈಪೋಟಿಗೆ ಇಳಿಯಬೇಕು.

ಯೋಜನೆಗಳು ಇಲ್ಲವೆಂದಲ್ಲ. ಸೊಸೈಟಿಯಲ್ಲಿ ಬಡ್ಡಿಯಿಲ್ಲದ ಬೆಳೆಸಾಲ ಇದೆ, 2021ರಿಂದ ರೈತರ ಮಕ್ಕಳಿಗೆ ವಿದ್ಯಾನಿಧಿ ಬಂದಿದೆ. ಆದರೆ ಜತ್ತಿಯವರ ಸಮಿತಿ ಕೇಳಿದ ಹಳೆಯ ಪ್ರಶ್ನೆ ಮತ್ತೆ ಬಂದು ನಿಂತಿದೆ: ದುಡಿಯುವವನು ಯಾರು, ಕಾಗದದಲ್ಲಿ ಇರುವವನು ಯಾರು? ಒಡೆಯನ ಹಕ್ಕಿಗೆ ಧಕ್ಕೆ ಬಾರದಂತೆ, ದುಡಿಯುವವನಿಗೆ ಸಾಲವೂ ವಿಮೆಯೂ ಸಿಗುವಂತೆ ಲಾವಣಿಯನ್ನು ಬರೆದಿಡುವ ಒಂದು ನ್ಯಾಯವಾದ ದಾರಿ ಇಂದು ಬೇಕು. ಅದನ್ನು ಕೇಳಬೇಕಾದವರು ಯುವಕರೇ. ಹದಿನೆಂಟು ತುಂಬಿದವರಿಗೆ ಗ್ರಾಮಸಭೆಯಲ್ಲಿ ಬಾಯಿದೆ, ಇಪ್ಪತ್ತೊಂದು ತುಂಬಿದವರು ಪಂಚಾಯಿತಿಗೆ ನಿಲ್ಲಬಹುದು. ಜತ್ತಿಯವರು ಪುರಸಭೆಯ ಮೆಟ್ಟಿಲು ಹತ್ತಿದಾಗ ಅವರಿಗೆ ಇಪ್ಪತ್ತೆಂಟರ ಆಸುಪಾಸು.

ಹಿರಿಯರಿಗೆ ನನ್ನದೊಂದು ವಿನಂತಿ. ಈ ಸಂಚಿಕೆಯನ್ನು ಮನೆಗೆ ಒಯ್ದ ಮೇಲೆ ಟ್ರಂಕಿನಲ್ಲಿರುವ ಉತಾರ ತೆಗೆದು ನೋಡಿ. ಅದರಲ್ಲಿ ತೀರಿಕೊಂಡವರ ಹೆಸರಿದ್ದರೆ ಪೌತಿ ಖಾತೆಗೆ ಅರ್ಜಿ ಕೊಡಿ, ವಾಟ್ನಿಯನ್ನು ಬರವಣಿಗೆಗೆ ತನ್ನಿ, ಹೆಣ್ಣುಮಕ್ಕಳ ಪಾಲನ್ನು ಮರೆಯಬೇಡಿ. ಈ ಲೇಖನ ಬರೆಯಲು ಕುಳಿತ ವಾರ ನಾವು ಅಣ್ಣತಮ್ಮಂದಿರು ತಂಗಿಯನ್ನೂ ಕರೆದುಕೊಂಡು ಜಮಖಂಡಿಗೆ ಹೋಗಿ ಅರ್ಜಿ ಕೊಟ್ಟು ಬಂದೆವು. ಹೊಸ ಉತಾರ ಬಂದ ದಿನ ಅದನ್ನು ಹುಡುಗನ ಕೈಗೆ ಕೊಟ್ಟು, ಅಪ್ಪ ನನ್ನಿಂದ ಓದಿಸಿದಂತೆ, ಮೂರು ಸಲ ಓದಿಸಬೇಕೆಂದಿದ್ದೇನೆ.